ಎರಡು ದೋಣಿಯ ಮೇಲೆ ಕಾಲು

ಎರಡು ದೋಣಿಯ ಮೇಲೆ ಕಾಲಿಡಬಾರದೆಂಬುದು ನಮ್ಮ ಹಿರಿಯರ ಮಾತು. ಕೆರೆಬಾವಿಗಳ ಸೀಮೆಯಿಂದ ಬಂದ ನಮ್ಮಲ್ಲಿ ಅನೇಕರು ದೋಣಿಯನ್ನೇ ಕಾಣದೆ ಈ ಗಾದೆಯನ್ನು ಕಲಿತವರು. ಕೊಚ್ಚಿಗೆ ಬಂದು ನೆಲಸಿದ ಮೇಲೆ ಅದರ ಅರ್ಥ ಕಣ್ಣಿಗೇ ಕಾಣುವಂತಾಯಿತು. ಕಟ್ಟೆಯ ಬಳಿ ಅಲುಗಾಡುವ ಎರಡು ದೋಣಿಗಳ ನಡುವೆ ಕಾಲು ಅಗಲಿಸಿ ನಿಂತವನ ಅವಸ್ಥೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ವಾಚಕರೇ, ಗಾದೆಯನ್ನು ಮಾಡಿದವರು ಒಂದು ಮಾತನ್ನು ಬಿಟ್ಟರು. ಕೆಲವರು ತಾವಾಗಿ ಎರಡು ದೋಣಿಯ ಮೇಲೆ ಕಾಲಿಡುತ್ತಾರೆ. ಮತ್ತೆ ಕೆಲವರು ನಿಂತ ಜಾಗದಲ್ಲಿಯೇ ನಿಂತಿರುತ್ತಾರೆ, ಅವರ ಕಾಲಕೆಳಗಿನ ದೋಣಿಯೇ ಎರಡಾಗಿಬಿಡುತ್ತದೆ. ಗಡಿನಾಡಿನವರ ಪಾಡು ಈ ಎರಡನೆಯ ಬಗೆಯದು.

ಈ ಸಲ ನಾವು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ಇರುವ ನಮ್ಮ ಮನೆಗಳ ಮಕ್ಕಳು ಬೇಸಗೆಯ ರಜದಲ್ಲಿ ಅಜ್ಜಿಯ ಊರಿಗೆ ಹೋಗುತ್ತಾರೆ. ಹೋದವರು ಶ್ರೀರಂಗಪಟ್ಟಣವನ್ನು ನೋಡದೆ ಬರುವುದುಂಟೆ? ದರಿಯಾ ದೌಲತ್ತಿನ ಗೋಡೆಯ ಚಿತ್ರಗಳನ್ನು ನೋಡಿ, ಟಿಪ್ಪೂ ಸುಲ್ತಾನನು ಮಡಿದ ಜಾಗದಲ್ಲಿ ನಿಂತು, ಎದೆಯುಬ್ಬಿಸಿಕೊಂಡು ಹಿಂದಿರುಗುತ್ತಾರೆ. ಇಲ್ಲಿಗೆ ಬಂದರೆ ಜೊತೆಯ ಮಕ್ಕಳ ಮನೆಗಳಲ್ಲಿ ಬೇರೆಯೇ ಮಾತು. ಮಲೆಯಾಳದಲ್ಲಿ ‘ಪಡಯೋಟ್ಟಂ’ ಎಂಬ ಪದವೊಂದಿದೆ. ಮೈಸೂರಿನ ದಂಡು ನುಗ್ಗಿ ಬಂದ ಕಾಲಕ್ಕೆ ಇಲ್ಲಿಯ ಜನ ಇಟ್ಟ ಹೆಸರು ಅದು. ಅಲ್ಲಿ ವೀರನಾದವನು ಇಲ್ಲಿ ದಂಡೆತ್ತಿ ಬಂದವನು. ಆಗ ಮಗು ನೇರವಾಗಿ ಕೇಳುತ್ತದೆ: “ಅಪ್ಪಾ, ನಾವು ಯಾರ ಕಡೆ?” ಉತ್ತರ ಹೇಳದೆ “ಊಟ ಮಾಡು, ಹೊತ್ತಾಯಿತು” ಎಂದು ಜಾರಿಕೊಳ್ಳುವ ತಂದೆಯರ ಸಂಖ್ಯೆ ಕಡಮೆಯದಲ್ಲ. ಆದುದರಿಂದ ಆ ಕಾಲದ ಕಥೆಯನ್ನು ಮೈಸೂರಿನ ಕಡೆಯಿಂದಲೂ ಅಲ್ಲ, ತಿರುವಾಂಕೂರಿನ ಕಡೆಯಿಂದಲೂ ಅಲ್ಲ, ಇಬ್ಬರ ನಡುವೆ ಸಿಕ್ಕಿಕೊಂಡ ಕೊಚ್ಚಿಯ ಕಡೆಯಿಂದ ಒಮ್ಮೆ ನೋಡೋಣವೆಂದು ನಮ್ಮ ಎಣಿಕೆ.

ಹದಿನೆಂಟನೆಯ ಶತಮಾನದ ನಡುವಿನಲ್ಲಿ ಕೊಚ್ಚಿಯ ರಾಜ್ಯ ಹೇಗಿತ್ತು? ಬಡಗಲಲ್ಲಿ ಕೋಳಿಕ್ಕೋಡಿನ ಸಾಮೂತಿರಿ. ತೆಂಕಲಲ್ಲಿ ದಿನದಿನಕ್ಕೆ ಬೆಳೆಯುತ್ತಿದ್ದ ತಿರುವಾಂಕೂರು. ಇಷ್ಟು ಸಾಲದೆಂಬಂತೆ ರಾಜ್ಯದ ಬಾಗಿಲಾದ ಕೊಚ್ಚಿಯ ಕೋಟೆಯಲ್ಲಿ 1663ರಿಂದ ಡಚ್ಚರು. ಅರಸನ ಹೆಸರಿನ ಬಂದರು ಪರರ ಕೈಯಲ್ಲಿ, ಅರಸನ ಹೆಸರಿನ ನೆಲ ಅರ್ಧ ಸಾಮಂತರ ಕೈಯಲ್ಲಿ. ಸಾಮೂತಿರಿಯು ಬಡಗಣ ಭಾಗವನ್ನು ಆಕ್ರಮಿಸಿಕೊಂಡಾಗ ಕೊಚ್ಚಿಯವರು ಮೊರೆಹೊಕ್ಕುದು ತಿರುವಾಂಕೂರನ್ನು. ಆಗ ಅಲ್ಲಿ ಆಳುತ್ತಿದ್ದವನು ಕಾರ್ತಿಕ ತಿರುನಾಳ್ ರಾಮವರ್ಮ; 1758ರಿಂದ 1798ರವರೆಗೆ ನಲವತ್ತು ವರ್ಷ ಆಳಿ ಧರ್ಮರಾಜನೆಂದು ಹೆಸರು ಪಡೆದವನು. ಆತನ ಸೈನ್ಯ ಬಂದು ಸಾಮೂತಿರಿಯನ್ನು ಹಿಂದಕ್ಕಟ್ಟಿತು. ಈ ಉಪಕಾರ ಬಿಟ್ಟಿಯದಲ್ಲ. ಆಲಂಗಾಡು, ಪರವೂರು ಎಂಬ ಎರಡು ನಾಡುಗಳು ತಿರುವಾಂಕೂರಿನ ಪಾಲಾದುವು. ನೆರೆಯವನ ಮನೆಯ ಬೆಂಕಿಯನ್ನು ಆರಿಸಲು ಬಂದವನು ಅಂಗಳದ ಒಂದು ಮೂಲೆಯನ್ನು ಬರೆಯಿಸಿಕೊಂಡು ಹೋದಂತಾಯಿತು.

ಅದರ ಜೊತೆಗೆ ಒಂದು ಗೋಡೆಯೂ ಎದ್ದಿತು. ಅದನ್ನು ‘ನೆಡುಂಕೋಟ್ಟ’, ಅಂದರೆ ಉದ್ದಕೋಟೆ, ಎಂದು ಕರೆಯುತ್ತಾರೆ. ಪಡುವಲ ಹಿನ್ನೀರಿನ ಬಳಿಯ ಕೃಷ್ಣನ್‌ಕೋಟ್ಟದಿಂದ ತೊಡಗಿ ಮೂಡಲ ಆನಮಲೆಯ ಬುಡದವರೆಗೆ ಸುಮಾರು 30 ಮೈಲಿಯ ಮಣ್ಣಿನ ಗೋಡೆ, ಅದರ ಮುಂದೆ ಆಳವಾದ ಕಂದಕ, ಕಂದಕದ ಬದಿಗೆ ಮುಳ್ಳುಬಿದಿರಿನ ದಟ್ಟ ಬೇಲಿ. ಇದನ್ನು ಕಟ್ಟಿಸಿದವನು ಡೆಲನಾಯ್ ಎಂಬ ಸೇನಾನಿ. ಇವನ ಕಥೆಯೇ ಒಂದು ಸೋಜಿಗ. 1741ರಲ್ಲಿ ಕೊಳಚ್ಚಲಿನ ಯುದ್ಧದಲ್ಲಿ ಡಚ್ಚರ ಕಡೆಯಿಂದ ತಿರುವಾಂಕೂರಿನ ಮೇಲೆ ಕಾದಾಡಿ ಸೆರೆಸಿಕ್ಕಿದವನು, ಅನಂತರ ಅದೇ ತಿರುವಾಂಕೂರಿನ ಸೈನ್ಯವನ್ನು ಪಳಗಿಸಿ, ಅಲ್ಲಿಯೇ ಬಾಳಿ, 1777ರಲ್ಲಿ ತೀರಿಕೊಂಡನು. ಉದಯಗಿರಿಯ ಕೋಟೆಯಲ್ಲಿ ಅವನ ಸಮಾಧಿಯಿದೆ. ನಿಷ್ಠೆಯೆಂಬುದು ಹುಟ್ಟಿದ ಕಡೆಗೆ ಮಾತ್ರ ಸಲ್ಲತಕ್ಕದ್ದೆ, ಅನ್ನ ಉಂಡ ಕಡೆಗೂ ಸಲ್ಲತಕ್ಕದ್ದೆ ಎಂಬ ಪ್ರಶ್ನೆಗೆ ಈ ಡಚ್ಚ ಸಿಪಾಯಿ ತನ್ನ ಬಾಳಿನಿಂದಲೇ ಉತ್ತರ ಕೊಟ್ಟ. ನಾವು ಗಮನಿಸಬೇಕಾದುದು ಮಾತ್ರ ಬೇರೊಂದು: ಗೋಡೆ ತಿರುವಾಂಕೂರಿನದು, ಗೋಡೆ ನಿಂತ ನೆಲದಲ್ಲಿ ಒಂದು ಪಾಲು ಕೊಚ್ಚಿಯದು. ಮುಂದಿನ ಕೇಡಿಗೆಲ್ಲ ಇದೇ ಬೇರಾಯಿತು.

1766ರಲ್ಲಿ ಹೈದರ್ ಅಲಿಯ ದಂಡು ಮಲಬಾರಿಗೆ ಇಳಿಯಿತು. ಕೋಳಿಕ್ಕೋಡಿನ ಸಾಮೂತಿರಿಯು ಶರಣಾಗಲೊಲ್ಲದೆ ತನ್ನ ಅರಮನೆಗೆ ತಾನೇ ಬೆಂಕಿಯಿಟ್ಟುಕೊಂಡು ಪ್ರಾಣಬಿಟ್ಟನು. ಪಾಲಕ್ಕಾಡಿನಲ್ಲಿ ಹೈದರನ ಕೋಟೆ ಎದ್ದಿತು. ಇಂದಿಗೂ ಅದು ಗಟ್ಟಿಮುಟ್ಟಾಗಿ ನಿಂತಿದೆ. ನೆರೆಮನೆ ಉರಿಯುವುದನ್ನು ಕಂಡ ಕೊಚ್ಚಿಯ ಅರಸನು ಏನು ಮಾಡಬೇಕು? ಕಾದಾಡಲು ಬಲವಿಲ್ಲ, ಓಡಿಹೋಗಲು ಜಾಗವಿಲ್ಲ. 1776ರಲ್ಲಿ ಹೈದರನ ಸರದಾರ ಸರ್ದಾರ್ ಖಾನನು ತ್ರಿಶೂರನ್ನು ಹಿಡಿದುಕೊಂಡಾಗ ಕೊಚ್ಚಿಯು ಮೈಸೂರಿಗೆ ವರ್ಷಂಪ್ರತಿ ಕಪ್ಪ ಕೊಡಲು ಒಪ್ಪಿತು. ಅಂದಿನಿಂದ ಹದಿನಾಲ್ಕು ವರ್ಷ, ನಾವಿರುವ ಈ ಕೊಚ್ಚಿ ಶ್ರೀರಂಗಪಟ್ಟಣದ ಸಾಮಂತ ರಾಜ್ಯವಾಗಿತ್ತು. ಕನ್ನಡನಾಡಿಗೂ ಕೊಚ್ಚಿಗೂ ಇಂಥ ನಂಟೊಂದು ಇತ್ತೆಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು?

ಹೀಗೆ ಕೊಚ್ಚಿಯ ಅರಸನು ಮೈಸೂರಿಗೆ ಕಪ್ಪ ಕೊಡುವವನು, ತಿರುವಾಂಕೂರಿಗೆ ಋಣಿ, ಡಚ್ಚರಿಗೆ ಕೌಲಿನ ಗೆಳೆಯ, ಇಂಗ್ಲಿಷ್ ಕಂಪೆನಿಯ ಕಡೆಗೆ ಓರೆಗಣ್ಣಿನಲ್ಲಿ ನೋಡುತ್ತಿದ್ದವನು. ನಾಲ್ವರಿಗೂ ನಾಲ್ಕು ಬಗೆಯ ಮಾತು ಕೊಟ್ಟಿದ್ದ. ನಾಲ್ವರೂ ಶಾಂತರಾಗಿರುವವರೆಗೆ ಇದು ಜಾಣತನ. ಅವರಲ್ಲಿ ಇಬ್ಬರು ಕೈ ಮಿಲಾಯಿಸಿದ ದಿನ ಅದೇ ದ್ರೋಹವೆನ್ನಿಸಿಕೊಳ್ಳುತ್ತದೆ. ಬಡವನ ಜಾಣತನಕ್ಕೆ ಆಯುಸ್ಸು ಕಡಮೆ.

ಆ ದಿನ ಬರಲು ಬಹಳ ಕಾಲ ಹಿಡಿಯಲಿಲ್ಲ. ಮಲಬಾರಿನಲ್ಲಿ ದಂಗೆಗಳೆದ್ದು, ಅವುಗಳನ್ನು ಅಡಗಿಸಲು ಸುಲ್ತಾನನು ಕಠಿಣ ಕ್ರಮಗಳನ್ನು ಕೈಕೊಂಡಾಗ ಅಲ್ಲಿಯ ಅರಸುಮನೆತನದವರೂ ಸಾಮಾನ್ಯ ಜನರೂ ತಂಡತಂಡವಾಗಿ ತೆಂಕಲಿಗೆ ಓಡಿಬಂದರು. ಧರ್ಮರಾಜನು ಅವರಿಗೆಲ್ಲ ಆಶ್ರಯವಿತ್ತನು. ಆತನಿಗೆ ಆ ಹೆಸರು ಬಂದುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ. ತನ್ನ ಕೈತಪ್ಪಿ ಹೋದವರಿಗೆ ನೆರಳು ಕೊಡುವ ರಾಜ್ಯವೊಂದು ಗಡಿಯಲ್ಲೇ ಇದೆಯೆಂಬುದು ಸುಲ್ತಾನನಿಗೆ ಹಿಡಿಸಲಿಲ್ಲ. 1788ರಲ್ಲಿ ಅವನು ಮಲಬಾರಿಗೆ ಬಂದಾಗ ಕೊಚ್ಚಿಯ ರಾಜನು ಪಾಲಕ್ಕಾಡಿಗೆ ಹೋಗಿ ಕಂಡುಬಂದನು. ಸಾಮಂತನನ್ನು ನಡುವಿಟ್ಟುಕೊಂಡು ತಿರುವಾಂಕೂರನ್ನು ತನ್ನ ಕಡೆಗೆ ಒಲಿಸಿಕೊಳ್ಳಬೇಕೆಂಬುದು ಸುಲ್ತಾನನ ಯೋಚನೆ. ತಿರುವಾಂಕೂರಾದರೋ ತಾನು ಇಂಗ್ಲಿಷರ ಸ್ನೇಹಿತ, ಅವರನ್ನು ಕೇಳದೆ ಬೇರೊಬ್ಬರೊಡನೆ ಮಾತುಕತೆ ಸಾಧ್ಯವಿಲ್ಲವೆಂದು ಜಾರಿಕೊಂಡಿತು. 1784ರ ಮಂಗಳೂರು ಕೌಲಿನಲ್ಲಿ ತಿರುವಾಂಕೂರಿನ ಹೆಸರು ಕಂಪೆನಿಯ ಮಿತ್ರರ ಪಟ್ಟಿಯಲ್ಲಿತ್ತು. ಹೀಗಾಗಿ ಆ ಗೋಡೆಯನ್ನು ಮುಟ್ಟಿದರೆ ಕಂಪೆನಿಯನ್ನು ಮುಟ್ಟಿದಂತಾಗುತ್ತಿತ್ತು.

ವಾದ ಈಗ ಗೋಡೆಯ ಸುತ್ತ ಸುತ್ತತೊಡಗಿತು. ಸುಲ್ತಾನನೆಂದನು: ಕೊಚ್ಚಿ ನನ್ನ ಸಾಮಂತ, ಗೋಡೆ ಕೊಚ್ಚಿಯ ನೆಲದಲ್ಲಿದೆ, ಆದುದರಿಂದ ಅದನ್ನು ಕೆಡವತಕ್ಕದ್ದು. ತಿರುವಾಂಕೂರಿನವರೆಂದರು: ಕೊಚ್ಚಿ ನಿಮಗೆ ಕಪ್ಪ ಕೊಡುವುದಕ್ಕೆ ಮುಂಚೆಯೇ ಆ ನೆಲ ನಮಗೆ ಬಂದಿತ್ತು, ಗೋಡೆಯೂ ಎದ್ದಿತ್ತು. ಎರಡು ವಾದಕ್ಕೂ ಬುಡವಿತ್ತು. ಅಷ್ಟರಲ್ಲಿ 1789ರ ಜುಲೈ ತಿಂಗಳಿನಲ್ಲಿ ಡಚ್ಚರು ಕೊಡುಂಙಲ್ಲೂರಿನ ಮತ್ತು ಆಯಿಕೋಟ್ಟದ ಕೋಟೆಗಳನ್ನು ತಿರುವಾಂಕೂರಿಗೆ ಮೂರು ಲಕ್ಷ ರೂಪಾಯಿಗೆ ಮಾರಿಬಿಟ್ಟರು. ಇದರಿಂದ ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತಾಯಿತು. ಕೊಡುಂಙಲ್ಲೂರು ಕೊಚ್ಚಿಗೆ ಸೇರಿದ ನೆಲ, ನನ್ನ ಸಾಮಂತನ ನೆಲವನ್ನು ಡಚ್ಚರು ಮಾರುವುದೆಂತು, ಇವರು ಕೊಳ್ಳುವುದೆಂತು ಎಂದು ಸುಲ್ತಾನನು ಗರ್ಜಿಸಿದನು. ಮದ್ರಾಸಿನ ಇಂಗ್ಲಿಷ್ ಗವರ್ನರ್ ಹಾಲೆಂಡನೂ ಈ ವ್ಯಾಪಾರವನ್ನು ಮೆಚ್ಚಲಿಲ್ಲ. ಗವರ್ನರ್ ಜನರಲ್ ಕಾರ್ನ್‌ವಾಲಿಸನೂ ಮೊದಲು ಅನುಮಾನಪಟ್ಟನು. ಕೊಂಡವರು, ಮಾರಿದವರು, ಆಕ್ಷೇಪಿಸಿದವರು, ಎಲ್ಲರೂ ಮಾತನಾಡಿದರು. ಯಾರ ನೆಲವೆಂದು ಅಷ್ಟೊಂದು ಜಗಳವಾಯಿತೋ ಆ ಕೊಚ್ಚಿಯ ಮಾತಿಗೆ ಮಾತ್ರ ಬೆಲೆಯೇ ಇರಲಿಲ್ಲ.

1789ರ ಡಿಸೆಂಬರ್ ಕೊನೆಯಲ್ಲಿ ಸುಲ್ತಾನನ ಸೈನ್ಯ ಗೋಡೆಯ ಮೇಲೆ ಬಿದ್ದಿತು. ಕಂದಕದ ಬಳಿಯ ನೂಕುನುಗ್ಗಲಿನಲ್ಲಿ ತಿರುವಾಂಕೂರಿನವರ ಗುಂಡುಗಳಿಗೆ ಸಿಕ್ಕಿ ಮೈಸೂರಿನ ದಂಡು ಚದುರಿತು. ಸುಲ್ತಾನನೇ ಅಪಾಯದಿಂದ ಪಾರಾಗಿ ಹಿಂದಿರುಗಬೇಕಾಯಿತೆಂದೂ ಅವನ ಪಲ್ಲಕ್ಕಿ, ಕತ್ತಿ ಮೊದಲಾದುವು ಶತ್ರುಗಳ ಕೈಸೇರಿದುವೆಂದೂ ಇಲ್ಲಿಯ ಚರಿತ್ರೆಕಾರರು ಬರೆದಿರುವರು. ಮುಂದೆ 1790ರ ಏಪ್ರಿಲಿನಲ್ಲಿ ದೊಡ್ಡ ಫಿರಂಗಿಗಳನ್ನು ತರಿಸಿ ಅವನು ಗೋಡೆಯನ್ನು ಒಡೆದನು. ಕೊಡುಂಙಲ್ಲೂರು ಬಿದ್ದಿತು. ಕೊಚ್ಚಿಯ ರಾಜಕುಟುಂಬ ತೆಂಕಲಿಗೆ, ವೈಕಂಗೆ, ಓಡಿತು. ಸೈನ್ಯ ಆಲುವದವರೆಗೆ ಬಂದು ಪೆರಿಯಾರಿನ ದಡದಲ್ಲಿ ಬೀಡುಬಿಟ್ಟಿತು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಕೇರಳದ ಮಳೆಯ ಪರಿಚಯ ನಮ್ಮ ಓದುಗರಿಗೆ ಬೇಕಿಲ್ಲ! ಹೊಳೆ ಉಕ್ಕಿ ಮದ್ದುಗುಂಡು ತೊಯ್ದು ದಂಡಿಗೆ ಬೇನೆ ಬಂದಿತು. ಅತ್ತ ಇಂಗ್ಲಿಷರು ಯುದ್ಧಕ್ಕೆ ಹೊರಟ ಸುದ್ದಿಯೂ ಬಂದಿತು. ಮೇ 24ರಂದು ಸುಲ್ತಾನನು ಹಿಂದಿರುಗಿದನು. ಮತ್ತೆ ಅವನು ಈ ಕಡೆಗೆ ಬರಲಿಲ್ಲ.

ಮುಂದಿನದು ನಮ್ಮ ಮನೆಗಳಲ್ಲಿ ಎಲ್ಲರೂ ಓದಿದ ಕಥೆ. 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆ ಬಿದ್ದಿತು. 1792ರಲ್ಲಿ ಶ್ರೀರಂಗಪಟ್ಟಣದ ಕೌಲು. ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿದ್ದಿತು, ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಹೋದರು. 1799ರ ಮೇ 4ರಂದು ಎಲ್ಲವೂ ಮುಗಿಯಿತು. ದರಿಯಾ ದೌಲತ್ತಿನಲ್ಲಿ ನಿಂತು ನಿಟ್ಟುಸಿರು ಬಿಡುವ ನಾವು ಒಂದು ಮಾತನ್ನು ನೆನೆಯಬೇಕು. ಆ ಪತನಕ್ಕೆ ಕಾರಣಗಳು ಅನೇಕ. ಆದರೆ 1790ರ ಯುದ್ಧಕ್ಕೆ ಕಿಡಿ ಹೊತ್ತಿದುದು ಕಾವೇರಿಯ ದಡದಲ್ಲಲ್ಲ, ಚಾಲಕ್ಕುಡಿಯ ಬಳಿಯ ಒಂದು ಮಣ್ಣುಗೋಡೆಯ ಬುಡದಲ್ಲಿ.

ಕೊಚ್ಚಿಗೆ ಬಂದುದೇನು? 1791ರ ಜನವರಿಯಲ್ಲಿ ಅದು ಕಂಪೆನಿಯೊಡನೆ ಕೌಲು ಮಾಡಿಕೊಂಡಿತು. ಮೈಸೂರಿನ ಸಾಮಂತತನ ತಪ್ಪಿತು, ಕಪ್ಪ ತಪ್ಪಲಿಲ್ಲ. ಮೊದಲ ವರ್ಷ 70,000 ರೂಪಾಯಿ, ಎರಡನೆಯ ವರ್ಷ 80,000, ಮೂರನೆಯ ವರ್ಷ 90,000, ಆಮೇಲೆ ವರ್ಷಕ್ಕೊಂದು ಲಕ್ಷ. ಹಣ ಎಣಿಸುವ ಕೈ ಅದೇ, ಎಣಿಸಿಕೊಳ್ಳುವ ಕೈ ಮಾತ್ರ ಬೇರೆ. 1790ರಲ್ಲಿ ಪಟ್ಟಕ್ಕೆ ಬಂದ ಶಕ್ತನ್ ತಂಬುರಾನ್ ಎಂಬ ಸಮರ್ಥ ಅರಸನು 1805ರವರೆಗೆ ರಾಜ್ಯವನ್ನು ಹತೋಟಿಯಲ್ಲಿಟ್ಟುಕೊಂಡನೆಂಬುದೊಂದೇ ಸಮಾಧಾನ. ತ್ರಿಶೂರಿನ ಪೂರಂ ಉತ್ಸವಕ್ಕೆ ಈಗಿನ ರೂಪ ಕೊಟ್ಟವನೂ ಇವನೇ.

ಇಂಥ ಪಾಡು ಕೊಚ್ಚಿಯೊಂದರದೇ ಅಲ್ಲ. ಅಮೇರಿಕಾದಲ್ಲಿ 1861ರಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಅಂತರ್ಯುದ್ಧ ಹೊತ್ತಿಕೊಂಡಾಗ ಇಬ್ಬರ ನಡುವೆ ಕೆಂಟಕಿ ಎಂಬ ಸಂಸ್ಥಾನವಿತ್ತು. ಉತ್ತರದ ಅಧ್ಯಕ್ಷ ಲಿಂಕನ್ನನೂ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸನೂ, ಇಬ್ಬರೂ, ಅದೇ ಕೆಂಟಕಿಯಲ್ಲಿ ಹುಟ್ಟಿದವರು! ಕ್ರಿಟೆಂಡನ್ ಎಂಬ ಹಿರಿಯ ಮುತ್ಸದ್ದಿಯು ಯುದ್ಧವನ್ನು ತಪ್ಪಿಸಲು ಬಹಳ ಪಾಡುಪಟ್ಟನು. ಕೊನೆಗೆ ಅವನ ಒಬ್ಬ ಮಗ ಉತ್ತರದ ಸೇನಾನಿಯಾದನು, ಇನ್ನೊಬ್ಬ ಮಗ ದಕ್ಷಿಣದ ಸೇನಾನಿಯಾದನು. ಆ ಮನೆಯ ತಾಯಿತಂದೆಗಳ ಊಟದ ಹೊತ್ತನ್ನು ಊಹಿಸಿಕೊಳ್ಳಿ. ಕೆಂಟಕಿಯು ಮೇ ತಿಂಗಳಲ್ಲಿ ‘ನಾವು ಯಾರ ಕಡೆಯೂ ಅಲ್ಲ’ ಎಂದು ಸಾರಿತು. ಆ ಮಾತು ನಿಂತುದು ನಾಲ್ಕು ತಿಂಗಳೂ ಅಲ್ಲ. ಸೆಪ್ಟೆಂಬರಿನ ಮೊದಲಲ್ಲಿ ದಕ್ಷಿಣದ ಸೈನ್ಯ ಗಡಿ ದಾಟಿ ಕೊಲಂಬಸ್ ಎಂಬ ಊರನ್ನು ಹಿಡಿಯಿತು. ಕೂಡಲೆ ಕೆಂಟಕಿಯ ಶಾಸನಸಭೆ ಉತ್ತರದ ಕಡೆಗೆ ವಾಲಿತು. ನಡುವೆ ನಿಂತವರನ್ನು ತಳ್ಳುವವನು ಸಾಮಾನ್ಯವಾಗಿ ಮೊದಲು ಬೇಲಿ ದಾಟಿದವನೇ. ಕೊಚ್ಚಿಯಲ್ಲಿಯೂ ನಡೆದುದು ಇದೇ. ಕಪ್ಪ ಕೊಡುತ್ತಿದ್ದವನ ನೆಲವನ್ನು ತುಳಿದು ಸುಲ್ತಾನನು ಗೋಡೆಗೆ ಬಂದನು. ಕೊಚ್ಚಿಯು ಅವನಿಗೆ ಶಾಶ್ವತವಾಗಿ ಕೈತಪ್ಪಿತು.

ಹೊರಗಿನವರ ಜಗಳದಲ್ಲಿ ಒಡೆದ ಮನೆ ಒಳಗೂ ಒಡೆಯುವುದುಂಟು. ಕಂಪೆನಿಯ ನೆರಳು ತಂಪೆಂದು ನಂಬಿದವರಿಗೆ ಇಪ್ಪತ್ತು ವರ್ಷದೊಳಗೇ ಅದರ ಬಿಸಿ ತಟ್ಟಿತು. ತಿರುವಾಂಕೂರಿನ ದಳವಾಯಿ ವೇಲುತಂಬಿಯು ಮೊದಲು ಇಂಗ್ಲಿಷ್ ರೆಸಿಡೆಂಟ್ ಮೆಕಾಲೆಯ ಸ್ನೇಹಿತನಾಗಿದ್ದವನು. 1805ರ ಕೌಲಿನ ಮೇಲೆ ಹಣದ ಒತ್ತಾಯ ಹೆಚ್ಚಿದಂತೆ ಅವನೇ ಕಡುವೈರಿಯಾದನು. ಕೊಚ್ಚಿಯಲ್ಲಿ ಪಾಲಿಯತ್ತಚ್ಚನ್ ಎಂಬ ವಂಶಪಾರಂಪರ್ಯದ ಮಂತ್ರಿ ಅವನ ಜೊತೆ ಸೇರಿದನು. ಅದೇ ಕೊಚ್ಚಿಯ ಮತ್ತೊಬ್ಬ ಅಧಿಕಾರಿ ಕುಂಞಿಕೃಷ್ಣ ಮೇನೋನನು ಅಚ್ಚನಿಗೆ ಹೆದರಿ ಮೆಕಾಲೆಯ ಮನೆಯಲ್ಲಿ ಅಡಗಿಕೊಂಡಿದ್ದನು. 1808ರ ಡಿಸೆಂಬರ್ 28ರ ರಾತ್ರಿ ಬೋಳ್‌ಗಾಟ್ಟಿ ದ್ವೀಪದಲ್ಲಿದ್ದ ರೆಸಿಡೆಂಟನ ಬಂಗಲೆಯ ಮೇಲೆ ದಾಳಿಯಾಯಿತು. ಹುಡುಕಿದ ಇಬ್ಬರೂ ತಪ್ಪಿಸಿಕೊಂಡು ಹಡಗು ಸೇರಿದರು. 1809ರ ಜನವರಿ 11ರಂದು ಕುಂಡರದಲ್ಲಿ ವೇಲುತಂಬಿಯ ಪ್ರಸಿದ್ಧ ಘೋಷಣೆ ಹೊರಟಿತು. ಆ ವರ್ಷವೇ ಅವನು ಮಣ್ಣಡಿಯಲ್ಲಿ ಪ್ರಾಣಬಿಟ್ಟನು. ಅಚ್ಚನು ಶರಣಾಗಿ ದೇಶಭ್ರಷ್ಟನಾದನು. ಕೊಚ್ಚಿಯ ಕಪ್ಪ ವರ್ಷಕ್ಕೆ 2,76,037 ರೂಪಾಯಿಗೆ ಏರಿತು. ಇಂದು ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಮುಂದೆ ವೇಲುತಂಬಿಯ ಪ್ರತಿಮೆ ನಿಂತಿದೆ. ಅಂದು ಕಂಪೆನಿಯ ಕಾಗದಗಳಲ್ಲಿ ದಂಗೆಕೋರ, ಇಂದು ನಾಡಿನ ವೀರ. ಕಾಲ ಕಳೆದಂತೆ ನಿಷ್ಠೆಯ ತಕ್ಕಡಿ ಹೀಗೆ ಮೇಲುಕೆಳಗಾಗುತ್ತದೆ.

ಈಗ ಮಗುವಿನ ಪ್ರಶ್ನೆಗೆ ಬರೋಣ. “ನಾವು ಯಾರ ಕಡೆ?” ಉತ್ತರವನ್ನು ಹುಡುಕುವಾಗ ನಾವು ಒಂದು ಸತ್ಯವನ್ನು ಮುಚ್ಚಿಟ್ಟು ಇನ್ನೊಂದನ್ನು ಮೆರೆಸಬಾರದು. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯ ಮಠವನ್ನು ಲೂಟಿಮಾಡಿದಾಗ ಟಿಪ್ಪೂ ಸುಲ್ತಾನನು ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದಗಳನ್ನು ಬರೆಯಿಸಿ, ದೇವತಾಪ್ರತಿಷ್ಠೆಗೆ ನೆರವು ಕಳುಹಿಸಿದನು. ಆ ಕಾಗದಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದು ಬೆಳಕಿಗೆ ಬಂದುವು. ಇದು ನಿಜ. ಅದೇ ಸುಲ್ತಾನನ ಕಾಲದಲ್ಲಿ ಮಲಬಾರಿನ ಜನ ಬಲಾತ್ಕಾರದ ಮತಾಂತರವನ್ನು ಕಂಡರು, ಗುಡಿಗಳು ಹಾಳಾದುವು, ಸಾವಿರಾರು ಮಂದಿ ಮನೆಮಠ ಬಿಟ್ಟು ಓಡಿದರು. ಇದೂ ನಿಜ. ಒಂದು ನಿಜದಿಂದ ಇನ್ನೊಂದನ್ನು ಅಳಿಸಲು ಆಗದು. ನಮ್ಮ ನೆರೆಯ ಮಲೆಯಾಳಿ ಮನೆಯವರು ಪಡಯೋಟ್ಟದ ಮಾತೆತ್ತಿದರೆ ನಮ್ಮನ್ನು ಚುಚ್ಚಿದರೆಂದು ಮುಖ ಗಂಟಿಕ್ಕುವ ಕಾರಣವಿಲ್ಲ. ಅವರ ಅಜ್ಜಮುತ್ತಜ್ಜಂದಿರ ಮನೆಯ ಸಂಕಟ ಅದು. ಹಾಗೆಯೇ ಶ್ರೀರಂಗಪಟ್ಟಣದಲ್ಲಿ ಕಣ್ಣೀರು ತಂದುಕೊಂಡ ನಮ್ಮ ಮಗುವೂ ತಪ್ಪು ಮಾಡಿಲ್ಲ. ಪರದೇಶದ ಕಂಪೆನಿಯನ್ನು ಕೊನೆಯವರೆಗೆ ಎದುರಿಸಿ ಮಡಿದವನಿಗೆ ಸಲ್ಲಿಸಿದ ಕಣ್ಣೀರು ಅದು.

ಅಷ್ಟೇ ಅಲ್ಲ. ಆ ಯುದ್ಧ ಕನ್ನಡಿಗರಿಗೂ ಮಲೆಯಾಳಿಗಳಿಗೂ ನಡೆದ ಯುದ್ಧವಲ್ಲ. ಅದು ಅರಸರ ಯುದ್ಧ. ಕಪ್ಪದ ಹಣ ಶ್ರೀರಂಗಪಟ್ಟಣಕ್ಕೆ ಹೋದರೂ ಮದ್ರಾಸಿಗೆ ಹೋದರೂ ಅದನ್ನು ಬೆವರಿನಿಂದ ಗಳಿಸಿದವನು ತ್ರಿಶೂರಿನ ಗದ್ದೆಯ ಒಕ್ಕಲಿಗ. ಗೋಡೆಯನ್ನು ಏರಹೋಗಿ ಕಂದಕದಲ್ಲಿ ಬಿದ್ದವನು ಯಾರ ಮನೆಯ ಮಗನೋ, ಗೋಡೆಯ ಈಚೆ ಗುಂಡು ತಗಲಿ ಬಿದ್ದವನು ಯಾರ ಮನೆಯ ಮಗನೋ! ತುಳುನಾಡಿನಿಂದ ಬಂದು ಕೇರಳದ ದೇವಸ್ಥಾನಗಳಲ್ಲಿ ಪೂಜೆ ಮಾಡುತ್ತಿದ್ದ ಎಂಬ್ರಾಂದಿರಿಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ಅರಸರು ಗೋಡೆ ಕಟ್ಟಿದರೂ ಕೆಡವಿದರೂ ಜನರ ಹೋಗುಬರುವಿಕೆ ನಿಲ್ಲಲಿಲ್ಲ.

ಗಡಿಯ ನೋವು ಹಳೆಯ ಕಾಲಕ್ಕೇ ಮುಗಿಯಿತೆಂದೂ ಹೇಳಲಾಗದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡಿಗರು ಎದ್ದು ಹೋಗಲಿಲ್ಲ, ಬಂದು ಸೇರಲಿಲ್ಲ. ಗೆರೆಯೇ ಅವರನ್ನು ದಾಟಿ ಹೋಯಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ್ ಆಯೋಗವು 1967ರಲ್ಲಿ ಹೇಳಿದ ಮಾತು ಕಾಗದದಲ್ಲಿಯೇ ಉಳಿಯಿತು. ಆದರೂ ಕೊಚ್ಚಿಯ ಅಂದಿನ ಅರಸನಿಗಿಲ್ಲದ ಒಂದು ಅನುಕೂಲ ಇಂದಿನ ಕಾಸರಗೋಡಿಗನಿಗೆ ಇದೆ. ತಾಯಿನುಡಿ ಒಂದು, ರಾಜ್ಯ ಇನ್ನೊಂದು ಎಂದ ಮಾತ್ರಕ್ಕೆ ಅವನು ದ್ರೋಹಿಯಾಗುವುದಿಲ್ಲ. ಮಕ್ಕಳಿಗೆ ಮೊದಲ ಪಾಠಗಳನ್ನು ತಾಯಿನುಡಿಯಲ್ಲಿ ಕಲಿಸಲು ಏರ್ಪಾಟು ಮಾಡಬೇಕೆಂದು ಆ 1956ರಲ್ಲಿಯೇ ಸಂವಿಧಾನದಲ್ಲಿ 350-ಎ ವಿಧಿಯನ್ನು ಸೇರಿಸಿದರು. 2021ರಲ್ಲಿ ಮಂಜೇಶ್ವರದ ಶಾಸಕರಾಗಿ ಆಯ್ಕೆಯಾದ ಎ. ಕೆ. ಎಂ. ಅಶ್ರಫ್ ಅವರು ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲಿಯೇ ಪ್ರಮಾಣವಚನ ತೆಗೆದುಕೊಂಡರು. ಕೇರಳಕ್ಕೆ ನಿಷ್ಠನಾಗಿರುತ್ತೇನೆಂದು ಕನ್ನಡದಲ್ಲಿ ಹೇಳಲು ಬರುತ್ತದೆಂಬುದು ಸಣ್ಣ ಮಾತಲ್ಲ. ವಿಧಿ ಪುಸ್ತಕದಲ್ಲಿದ್ದರೆ ಸಾಲದು, ಶಾಲೆಗೆ ಕನ್ನಡ ಬಲ್ಲ ಉಪಾಧ್ಯಾಯರೂ ಬರಬೇಕು. ಆ ಹೋರಾಟ ಬೇರೆ, ಅದು ನಡೆಯುತ್ತಲೇ ಇರತಕ್ಕದ್ದು.

ಹಾಗಾದರೆ ಮಗುವಿಗೆ ಏನು ಹೇಳೋಣ? ನಮಗೆ ತೋರುವುದಿಷ್ಟು. “ನಾವು ಕನ್ನಡದವರು, ಬಾಳುತ್ತಿರುವುದು ಕೇರಳದಲ್ಲಿ. ಅಂದಿನ ಜಗಳದಲ್ಲಿ ನಾವು ಯಾವ ಅರಸನ ಕಡೆಯೂ ಸೇರಬೇಕಾಗಿಲ್ಲ. ಪೆಟ್ಟು ತಿಂದವರು ಎರಡೂ ಕಡೆ ಇದ್ದರು, ಅವರ ಕಥೆಯನ್ನು ಎರಡೂ ಕಡೆಯಿಂದ ಕೇಳಬೇಕು” ಎಂದು ಹೇಳೋಣ. ಬರಿಯ ಬಾಯಿಮಾತು ಮಕ್ಕಳಿಗೆ ಒಗ್ಗದು. ಕಣ್ಣಾರೆ ತೋರಿಸುವುದು ಲೇಸು. ಎರ್ನಾಕುಳದಿಂದ ಕೂಗಳತೆಯಲ್ಲಿರುವ ಬೋಳ್‌ಗಾಟ್ಟಿಯ ಬಂಗಲೆ 1744ರಲ್ಲಿ ಡಚ್ಚರು ಕಟ್ಟಿಸಿದುದು. ಚೇಂದಮಂಗಲದಲ್ಲಿ ಪಾಲಿಯತ್ತಚ್ಚನ ಮನೆಯೂ ತ್ರಿಶೂರಿನಲ್ಲಿ ಶಕ್ತನ್ ತಂಬುರಾನನ ಅರಮನೆಯೂ ಈಗ ಜನರು ನೋಡುವ ವಸ್ತುಸಂಗ್ರಹಾಲಯಗಳಾಗಿವೆ. ನೆಡುಂಕೋಟ್ಟ ಬಹುಮಟ್ಟಿಗೆ ಮಣ್ಣಿಗೆ ಸೇರಿಹೋಗಿದೆ. ಆದರೆ ಕೃಷ್ಣನ್‌ಕೋಟ್ಟ, ಕೋಟ್ಟಮುರಿ ಎಂಬಂಥ ಊರ ಹೆಸರುಗಳಲ್ಲಿ ಉಳಿದುಕೊಂಡಿದೆ. ತಿರುವನಂತಪುರದವರು ಉದಯಗಿರಿಯವರೆಗೆ ಹೋಗಿ ಡೆಲನಾಯನ ಸಮಾಧಿಯನ್ನು ನೋಡಿ ಬರಬಹುದು. ಶ್ರೀರಂಗಪಟ್ಟಣವಂತೂ ಇದ್ದೇ ಇದೆ. ಈ ಎಲ್ಲ ಜಾಗಗಳನ್ನೂ ಕಂಡ ಮಗು “ಯಾರ ಕಡೆ” ಎಂದು ಕೇಳುವುದನ್ನು ಬಿಟ್ಟು “ಏಕೆ ಹೀಗಾಯಿತು” ಎಂದು ಕೇಳತೊಡಗುವುದು. ಅದು ಹೆಚ್ಚು ಒಳ್ಳೆಯ ಪ್ರಶ್ನೆ.

ಎರಡು ದೋಣಿಯ ಮೇಲೆ ಕಾಲಿಡಬಾರದೆಂಬುದು ಸರಿಯೇ. ಆದರೆ ಕೇರಳದ ಕಡವುಗಳಲ್ಲಿ ಒಂದು ಉಪಾಯವನ್ನು ಜನ ಬಹು ಕಾಲದಿಂದ ಬಲ್ಲರು: ಎರಡು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆ ಹಲಗೆ ಹಾಸಿಬಿಟ್ಟರೆ, ಒಂದೊಂದು ದೋಣಿಯೂ ತಾನಾಗಿ ಹೊರಲಾರದ ಭಾರವನ್ನು ಎರಡೂ ಕೂಡಿ ಹೊಳೆ ದಾಟಿಸುತ್ತವೆ. ಹಲಗೆ ಹಾಸುವ ಕೆಲಸ ಈಗ ಇಲ್ಲಿರುವ ನಮ್ಮದು. ಅಂದಿನ ಕಾಲದ ಕಥೆಗಳು ನಿಮ್ಮ ಮನೆಯ ಹಿರಿಯರಿಂದಲೋ ನೆರೆಯ ಮಲೆಯಾಳಿ ಅಜ್ಜಿಯಿಂದಲೋ ಕಿವಿಗೆ ಬಿದ್ದಿದ್ದರೆ ನಾಲ್ಕು ಸಾಲು ಬರೆದು ಕಳುಹಿಸಿರಿ. ಮುಂದಿನ ಸಂಚಿಕೆಯಲ್ಲಿ ಈ ಪುಟದಲ್ಲಿಯೇ ಅವುಗಳಿಗೆ ಜಾಗ ಮಾಡೋಣ.